ಮೂರು ಅಡಿಗೊಂದು ಕಮಾನು

ಬೊಗ್ಗುಲಕುಂಟ ಗಣಿ
11 ಫೆಬ್ರವರಿ 1977

ಮಧುಗಿರಿ ನಂದೀಶ್ವರ ಎಂಜಿನಿಯರಿಂಗ್ ವರ್ಕ್ಸಿನ ಮಾಲೀಕರಿಗೆ,

ನನ್ನ ಹೆಸರು ಮಾರಣ್ಣ. ಶಿರಾ ತಾಲ್ಲೂಕು ಬರಗೂರಿನವನು. ಕುರಿ ಕಾಯೋರ ಮನೆ ನಮ್ಮದು. ಹನ್ನೊಂದು ವರ್ಷದಿಂದ ಇಲ್ಲಿ ಗೋದಾವರಿ ಸೀಮೆಯ ಕಲ್ಲಿದ್ದಲು ಗಣೀಲಿ ಇದ್ದೀನಿ. ಇದ್ದಲು ಕಡಿಯೋ ಕೆಲಸ ಅಲ್ಲ. ಸುರಂಗದ ಸೂರು ಬೀಳದ ಹಾಗೆ ಆಸರೆ ನಿಲ್ಲಿಸೋ ಕೆಲಸ. ಇಷ್ಟು ವರ್ಷ ಮರದ ಕಂಬ ಕೊಡ್ತಿದ್ದೆವು. ಹೋದ ದೀಪಾವಳಿಯಿಂದ ಕಂಪನಿಯೋರು ಉಕ್ಕಿನ ಕಮಾನು ತರಿಸ್ತಿದ್ದಾರೆ. ಮೊನ್ನೆ ಒಂದನ್ನ ಎತ್ತಿ ನಿಲ್ಲಿಸುವಾಗ ಟೋಪಿ ದೀಪದ ಬೆಳಕು ಅದರ ಕಾಲಿನ ಮೇಲೆ ಬಿತ್ತು. 'ಮಧುಗಿರಿ' ಅಂತ ಕನ್ನಡದಲ್ಲಿ ಒತ್ತಿತ್ತು. ಭೂಮಿಯಿಂದ ಆರುನೂರು ಅಡಿ ಕೆಳಗೆ ನಮ್ಮ ಪಕ್ಕದ ಊರಿನ ಹೆಸರು ಓದಿದರೆ ಹೆಂಗಾಗುತ್ತೆ ಅಂತ ಬರೆಯಕ್ಕೆ ನನಗೆ ಬರಲ್ಲ. ನನ್ನ ಜೊತೆಗಾರ ಸಂಜೀವಯ್ಯನಿಗೂ ತೋರಿಸಿದೆ. ಅವನು ಪಾವಗಡದ ಕಡೆ ತಿರುಮಣಿಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಓದು ಬರಲ್ಲ. ಅಕ್ಷರದ ಮೇಲೆ ಬೆರಳಾಡಿಸಿ ನೋಡಿದ.

ಆದರೆ ಬರೀತಿರೋದು ಅದಕ್ಕಲ್ಲ. ಇಲ್ಲಿ ನೆಲ ಒದ್ದೆ. ನಿಮ್ಮ ಕಮಾನಿನ ಕಾಲು ವಾರದೊಳಗೆ ನೆಲಕ್ಕೆ ಇಳಿಯುತ್ತೆ. ಒಂದು ಕಾಲು ಹೆಚ್ಚು, ಇನ್ನೊಂದು ಕಮ್ಮಿ ಇಳಿದರೆ ಕಮಾನು ತಿರುಚಿಕೊಳ್ಳುತ್ತೆ. ಇನ್ನೊಂದು ಭಯ ಇದೆ. ಮರದ ಕಂಬ ಭಾರ ತಡೀಲಾರದಾಗ ಚಟಚಟ ಅನ್ನುತ್ತೆ, ನಾವು ಓಡ್ತೀವಿ. ಉಕ್ಕು ಏನೂ ಹೇಳಲ್ಲ. ಸಂಜೀವಯ್ಯ ಮರದ ಕೆಳಗೆ ಕೂತು ಬುತ್ತಿ ತಿನ್ತಾನೆ, ನಿಮ್ಮ ಕಮಾನಿನ ಕೆಳಗೆ ಮಾತ್ರ ಓಡೋ ಹಾಗೆ ನಡೀತಾನೆ. "ಕಟ್ಟಿಗೆ ಸಾಯಾಕೆ ಮುಂಚೆ ಕೂಗ್ತೈತೆ ಕಣ್ಲಾ ಮಾರ. ಈ ಇನುಮು ಸುಮ್ಕೆ ಸತ್ತೋಯ್ತೈತೆ" ಅಂತಾನೆ. ಇನುಮು ಅಂದ್ರೆ ಅವನ ಬಾಯಲ್ಲಿ ಕಬ್ಬಿಣ.

ಇಲ್ಲಿ ದೊಡ್ಡೋರಿಗೆ ಹೇಳಿದೆವು. ನಕ್ಷೆ ಹಾಕಿದೋರನ್ನೇ ಹೋಗಿ ಕೇಳು ಅಂತ ನಕ್ಕರು. ಅದಕ್ಕೇ ಕೇಳ್ತಾ ಇದ್ದೀನಿ. ಅಧಿಕಪ್ರಸಂಗ ಅನ್ನಿಸಿದ್ರೆ ಹರಿದು ಬಿಸಾಕಿ.

ಮಾರಣ್ಣ


ಮಧುಗಿರಿ
2 ಮಾರ್ಚ್ 1977

ಶ್ರೀ ಮಾರಣ್ಣನವರಿಗೆ,

ನಿಮ್ಮ ಪತ್ರವನ್ನು ನಮ್ಮ ಮಾಲೀಕರಾದ ನಂದೀಶ್ವರಯ್ಯನವರು ಓದಿ ನನ್ನ ಮೇಜಿನ ಮೇಲಿಟ್ಟು ಹೋದರು. ಆ ಕಮಾನಿನ ನಕ್ಷೆ ಹಾಕಿದ್ದು ನಾನೇ.

ನಕ್ಷೆಯಲ್ಲಿ ನೆಲ ಎಂದರೆ ಒಂದು ಅಡ್ಡಗೆರೆ. ಅದು ಕೆಸರಾಗುತ್ತದೆ ಎಂದು ಕಂಪನಿಯವರು ಕೊಟ್ಟ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ. ಗಣಿಗಳ ಬಗ್ಗೆ ನನಗೆ ಸಾಕಷ್ಟು ತಿಳಿದಿದೆ. ಆದರೂ ಒಂದು ಗಣಿಯಂತೆ ಇನ್ನೊಂದಿರುವುದಿಲ್ಲ, ಆದ್ದರಿಂದ ಕೇಳುತ್ತಿದ್ದೇನೆ. ಕಾಲು ಎಷ್ಟು ದಿನಕ್ಕೆ ಎಷ್ಟು ಇಳಿಯುತ್ತದೆ? ಮೇಲಿನ ಬಂಡೆ ಎಂಥದ್ದು, ಹೇಗೆ ಬೀಳುತ್ತದೆ? ಕಮಾನಿಗೂ ಬಂಡೆಗೂ ನಡುವೆ ಹಲಗೆ ಬಿಗಿಯಾಗಿ ತುಂಬುತ್ತೀರಾ? ಮೂರಡಿಗೆ ಒಂದರಂತೆ ನಿಲ್ಲಿಸುತ್ತಿದ್ದೀರಿ ತಾನೆ? ನನ್ನ ಲೆಕ್ಕವೆಲ್ಲ ಆ ಮೂರಡಿಯ ಮೇಲೆ ನಿಂತಿದೆ.

ಸಂಜೀವಯ್ಯನವರು ಹೇಳಿದ ಮಾತನ್ನು ನನ್ನ ನಕ್ಷೆಯ ಅಂಚಿನಲ್ಲಿ ಬರೆದುಕೊಂಡಿದ್ದೇನೆ.

ಕೆ. ಬಾಷಾ


ಬೊಗ್ಗುಲಕುಂಟ
27 ಮಾರ್ಚ್ 1977

ಬಾಷಾ ಸಾಹೇಬರಿಗೆ,

ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಸಂಜೀವಯ್ಯನ ಮುಂದೆ ಎರಡು ಸಲ ಓದಿದೆ. ತನ್ನ ಮಾತು ನಕ್ಷೆ ಮೇಲೆ ಹತ್ತೈತೆ ಅಂತ ಕೇಳಿ ಅವನು ಅವತ್ತು ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗಿದ.

ನೀವು ಕೇಳಿದ್ದಕ್ಕೆ. ಎಂಟು ದಿನಕ್ಕೆ ಒಂದು ಗೇಣು ನಾಲ್ಕು ಬೆರಳು ಇಳಿಯುತ್ತೆ. ಸಂಜೀವಯ್ಯನ ಗೇಣು, ದೊಡ್ಡದು. ಮೇಲಿನ ಬಂಡೆ ನಮ್ಮ ಕಡೆಯದಲ್ಲ ಸ್ವಾಮಿ. ಮಧುಗಿರಿ ಬೆಟ್ಟ ನೋಡ್ಕೊಂಡು ಕೂತೋರಿಗೆ ಹೇಳೋದು ಕಷ್ಟ. ರೊಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ ಇರುತ್ತೆ. ಎರಡು ರೊಟ್ಟಿ ನಡುವೆ ನೀರು ಹೋದರೆ ಕೆಳಗಿನದು ಸಡಿಲ ಆಗುತ್ತೆ. ಕೋಲಲ್ಲಿ ತಟ್ಟಿದರೆ ಗಟ್ಟಿ ಬಂಡೆ ಟಣ್ ಅನ್ನುತ್ತೆ, ಬಿಟ್ಟುಕೊಂಡಿದ್ದು ಡೊಬ್ ಅನ್ನುತ್ತೆ. ಹಲಗೆ ಬಿಗಿಯಾಗೇ ತುಂಬ್ತೀವಿ. ಮೂರಡಿಗೆ ಒಂದು, ಅಳತೆ ಕೋಲು ಇಟ್ಟೇ ನಿಲ್ಲಿಸ್ತೀವಿ.

ನಿಮಗೆ ಗಣಿ ಗೊತ್ತು ಅಂದಿರಿ. ಯಾವ ಗಣೀಲಿ ಇದ್ರಿ? ಗಣಿಗೆ ಇಳಿದೋರು 'ಎಂಥ ಬಂಡೆ' ಅಂತ ಕೇಳಲ್ಲ, 'ಏನು ಸದ್ದು' ಅಂತ ಕೇಳ್ತಾರೆ. ತಪ್ಪು ತಿಳೀಬೇಡಿ.

ಮಾರಣ್ಣ


ಮಧುಗಿರಿ
9 ಮೇ 1977

ಮಾರಣ್ಣನವರಿಗೆ,

ತಡವಾಯಿತು. ಕೈಯಲ್ಲಿ ಏನಾದರೂ ಇಟ್ಟುಕೊಂಡೇ ಬರೆಯೋಣವೆಂದು ಕಾದೆ.

ಕಮಾನಿನ ಪ್ರತಿ ಕಾಲಿನ ಕೆಳಗೂ ಒಂದು ಉಕ್ಕಿನ ಡಬ್ಬಿ ಇಟ್ಟಿದ್ದೇನೆ. ಡಬ್ಬಿಯ ತಳ ಮೊರದಷ್ಟು ಅಗಲ, ಕೆಸರಿನಲ್ಲಿ ಹೂತುಹೋಗುವುದಿಲ್ಲ. ಡಬ್ಬಿಯೊಳಗೆ ಒಂದಡಿ ಎತ್ತರದ ಮರದ ತುಂಡು. ಅದರ ಮೇಲೆ ಕಮಾನಿನ ಕಾಲು. ಭಾರ ಮಿತಿಮೀರಿದರೆ ಮೊದಲು ಮರ ಜಜ್ಜಿಕೊಳ್ಳುತ್ತದೆ, ಕಮಾನು ನಾಲ್ಕೈದು ಅಂಗುಲ ನಿಧಾನವಾಗಿ ಇಳಿಯುತ್ತದೆ, ತಿರುಚಿಕೊಳ್ಳುವುದಿಲ್ಲ. ಮರ ಜಜ್ಜಿಕೊಳ್ಳುವಾಗ ಕೂಗಲೂಬೇಕಲ್ಲ. ಬೇವು, ಹುಣಸೆ, ಜಾಲಿ ಮೂರನ್ನೂ ನಮ್ಮ ಪ್ರೆಸ್ಸಿನಡಿ ಇಟ್ಟು ನೋಡಿದೆವು. ಬೇವು ಮೆತ್ತಗೆ ಹೋಯಿತು. ಹುಣಸೆ ಒಮ್ಮೆಗೇ ಸೀಳಿತು. ಜಾಲಿ ಮಾತ್ರ ಸ್ವಲ್ಪಸ್ವಲ್ಪವೇ ಕುಗ್ಗುತ್ತ, ಕಾರ್ಖಾನೆಯವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡುವಂತೆ ಕಿರುಚಿತು.

ನಾಲ್ಕು ಜೊತೆ ಕಳಿಸುತ್ತಿದ್ದೇನೆ. ಸಂಜೀವಯ್ಯನವರು ಏನೆನ್ನುತ್ತಾರೆ, ಅವರ ಮಾತಿನಲ್ಲೇ ಬರೆಯಿರಿ. ಯಾವ ಗಣಿಯಲ್ಲಿದ್ದೆ ಎಂದು ಕೇಳಿದ್ದೀರಿ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕೆ. ಬಾಷಾ


ಬೊಗ್ಗುಲಕುಂಟ
20 ಆಗಸ್ಟ್ 1977

ಬಾಷಾ ಸಾಹೇಬರೇ,

ಗೆದ್ದಿರಿ. ಹೋದ ಮಂಗಳವಾರ ಮಧ್ಯಾಹ್ನ ನಾವು ಏಳು ಜನ ಒಳಗೆ ಇದ್ದೆವು. ಎರಡನೇ ಕಮಾನಿನ ಕಾಲಿಂದ ಹಂದಿ ಕೂಗಿದ ಹಾಗೆ ಸದ್ದು ಬಂತು. ಸಂಜೀವಯ್ಯ "ಪದಂಡ್ರಾ, ನಡೀರಿ!" ಅಂತ ಎಲ್ಲರನ್ನೂ ಅಟ್ಟಿದ. ನಾವು ಆಚೆ ಬಂದು ನೂರು ಎಣಿಸೋದ್ರಲ್ಲಿ ಸೂರು ಕುಸೀತು. ಬೀಳಲಿಲ್ಲ, ಕುಸೀತು. ನಾಲ್ಕು ಅಂಗುಲ ಇಳಿದು ನಿಮ್ಮ ಕಮಾನಿನ ಮೇಲೆ ಕೂತ್ಕೊಂಡು ಸುಮ್ಮನಾಯಿತು. ಹೋಗಿ ನೋಡಿದರೆ ಜಾಲಿ ತುಂಡು ಜಗಿದು ಉಗಿದ ಕಬ್ಬಿನ ಹಾಗಿತ್ತು, ಉಕ್ಕು ನೆಟ್ಟಗಿತ್ತು. ಮರುದಿನ ಸಂಜೀವಯ್ಯ ಬುತ್ತಿ ತಗೊಂಡು ಹೋಗಿ ಅದೇ ಕಮಾನಿನ ಕೆಳಗೆ ಕೂತ. "ಇದ್ಕೆ ಬಾಯಿ ಬಂತು ಬುಡು" ಅಂದ. ಇದೇ ಅವನ ಮಾತು, ಬೇರೆ ಏನೂ ಸೇರಿಸಿಲ್ಲ.

ಮ್ಯಾನೇಜರು ಬಂದು ಅಳತೆ ತಗೊಂಡು ಹೋದರು. ಇನ್ನು ಎಲ್ಲ ಕಮಾನಿಗೂ ಡಬ್ಬಿ ಕಾಲು ಬೇಕು ಅಂತ ನಿಮ್ಮ ಮಾಲೀಕರಿಗೆ ಬರೀತಾರಂತೆ. ಅಕ್ಟೋಬರಲ್ಲಿ ನಂದೀಶ್ವರಯ್ಯನವರು ಇಲ್ಲಿಗೆ ಬರ್ತಾರೆ ಅಂತ ಸುದ್ದಿ. ನೀವೂ ಜೊತೇಲಿ ಬರ್ತೀರಿ ಅಂತ ನಾವಿಬ್ಬರೂ ಅಂದುಕೊಂಡಿದ್ದೀವಿ.

ಮಾರಣ್ಣ


ಬೊಗ್ಗುಲಕುಂಟ
3 ನವೆಂಬರ್ 1977

ಕೆ. ಬಾಷಾ ಅವರಿಗೆ,

ನಿಮ್ಮ ಮಾಲೀಕರು ಬಂದು ಹೋದರು. ಬಾಷಾ ಸಾಹೇಬರು ಎಲ್ಲಿ ಅಂತ ನಾನು ಹತ್ತು ಜನರ ಮುಂದೆ ಕೇಳಿದೆ. "ಯಾರು, ನಮ್ಮ ಕರೀಮುನ್ನೀಸಾನಾ? ಆ ಹುಡುಗೀನ ಇಲ್ಲಿಗೆ ಕರಕೊಂಡು ಬಂದು ಏನು ಮಾಡಲಿ?" ಅಂದರು. ಎಲ್ಲರೂ ನಕ್ಕರು.

ಹೆಣ್ಣುಮಕ್ಕಳು ನಕ್ಷೆ ಹಾಕಿದರೆ ನನಗೇನೂ ಇಲ್ಲ. ಆದರೆ ಗಣಿ ಗೊತ್ತು ಅಂತ ಬರೆದಿರಿ. ನಾವು ನಿಮ್ಮ ಮಾತು ನಂಬಿ ಅದರ ಕೆಳಗೆ ನಿಂತ್ಕೊಂಡ್ವಿ. ಬರೀ ಕಾಗದದಲ್ಲಿ ಗೊತ್ತಿದ್ದಿದ್ದು ಅಂತ ಒಂದು ಮಾತು ಹೇಳಬೇಕಾಗಿತ್ತು.

ಮಾರಣ್ಣ


ಮಧುಗಿರಿ
21 ನವೆಂಬರ್ 1977

ಮಾರಣ್ಣನವರಿಗೆ,

ನೀವು ಬರೆದದ್ದು ಸರಿ. ಸುಳ್ಳು ಹೇಳಿದ್ದು ನಾನು, ನಗೆಗೆ ಗುರಿಯಾದದ್ದು ನೀವು.

ನನ್ನ ತಂದೆ ಬಾಷಾ ಸಾಬ್, ಶಿರಾದಲ್ಲಿ ಗಾಡಿ ಪಟ್ಟಿ, ನೇಗಿಲ ಗುಳ ಮಾಡುತ್ತಿದ್ದವರು. ಈಗ ಇದೇ ಕಾರ್ಖಾನೆಯ ಕುಲುಮೆಯಲ್ಲಿದ್ದಾರೆ. ನಾನು ಹುಟ್ಟಿ ಬೆಳೆದದ್ದು ಕಬ್ಬಿಣದ ಪಕ್ಕದಲ್ಲಿ. ಡ್ರಾಫ್ಟ್ಸ್‌ಮನ್ ಪರೀಕ್ಷೆ ಪಾಸಾದಾಗ ಸರ್ಟಿಫಿಕೇಟಿನಲ್ಲೂ 'ಮನ್' ಎಂದೇ ಇತ್ತು, ಯಾರೂ ತಿದ್ದಲಿಲ್ಲ. ಮಧುಗಿರಿಯಲ್ಲಿ ಅತ್ತೆ ಅಮೀರ್ ಬಿ ಅವರ ಮನೆಯಲ್ಲಿದ್ದೇನೆ. ಕಿಟಕಿ ತೆರೆದರೆ ಬೆಟ್ಟ. ಇಡೀ ಬೆಟ್ಟ ಒಂದೇ ಕಲ್ಲು. ಬಂಡೆ ಎಂದರೆ ಪದರ, ಅದು ಬಿಟ್ಟುಕೊಳ್ಳುತ್ತದೆ ಎನ್ನುವುದನ್ನು ನಿಮ್ಮ ರೊಟ್ಟಿಯ ಮಾತಿನಿಂದ ಕಲಿತೆ.

ಹೆಂಗಸರು ಗಣಿಯೊಳಗೆ ಇಳಿಯಬಾರದೆಂದು ಕಾನೂನೇ ಇದೆ. ಎಷ್ಟು ನಕ್ಷೆ ಹಾಕಿದರೂ ಅದರ ಕೆಳಗೆ ನಾನು ನಿಲ್ಲುವಂತಿಲ್ಲ. ನಿಮ್ಮ ಮೊದಲ ಪತ್ರದಲ್ಲಿದ್ದಷ್ಟು ಗಂಭೀರವಾಗಿ ನನ್ನ ಕೆಲಸದ ಬಗ್ಗೆ ಯಾರೂ ಕೇಳಿರಲಿಲ್ಲ. ಆಮೇಲೆ 'ಸಾಹೇಬರೇ' ಎಂದಿರಿ. ತಿದ್ದಿದರೆ ಆ ದನಿ ಬದಲಾಗಿಬಿಡುತ್ತದೆ ಎಂದು ಹೆದರಿದೆ. ಇಷ್ಟೇ ಕಾರಣ.

ಕರೀಮುನ್ನೀಸಾ


ಬೊಗ್ಗುಲಕುಂಟ
14 ಫೆಬ್ರವರಿ 1978

ಕರೀಮುನ್ನೀಸಮ್ಮನವರಿಗೆ,

ಕೋಪ ಇಳಿಯಕ್ಕೆ ಒಂದು ವಾರ, ಏನು ಬರೀಬೇಕು ಅಂತ ಯೋಚಿಸಕ್ಕೆ ಎರಡು ತಿಂಗಳು. ಸಂಜೀವಯ್ಯ ಬೈದ. "ಡಬ್ಬಿ ಕಾಲು ಮಾಡ್ದೋಳು ಗಂಡಸಾದ್ರೇನು ಹೆಂಗಸಾದ್ರೇನಲಾ? ನಿನ್ ತಲೆ ಉಳೀತಾ ಇಲ್ವಾ? ಬರಿ" ಅಂದ. ಬರೀತಾ ಇದ್ದೀನಿ.

ನನ್ನನ್ನ ಮೇಟ್ ಮಾಡಿದ್ದಾರೆ. ಹನ್ನೆರಡು ಜನರ ಮೇಲೆ. ದಿನಾ ಎಷ್ಟು ಕಮಾನು ನಿಲ್ಲಿಸಿದ್ವಿ, ಎಷ್ಟು ದೂರಕ್ಕೆ ನಿಲ್ಲಿಸಿದ್ವಿ ಅಂತ ಬುಕ್ಕಲ್ಲಿ ಬರೆದು ರುಜು ಹಾಕೋದು ನನ್ನ ಕೆಲಸ. ಬರಗೂರಲ್ಲಿ ನಮ್ಮವ್ವ ಕರಿಯಕ್ಕನಿಗೆ ಹೇಳಿ ಕಳಿಸಿದೆ, ಊರೆಲ್ಲ ಹೇಳಿಕೊಂಡಳಂತೆ. ಮುಂದಿನ ತಿಂಗಳು ಹೊಸ ಸುರಂಗ ಶುರು. ಕೆಲಸ ಜೋರು. ಕಂಪನಿಯೋರಿಗೆ ಬಹಳ ಅವಸರ.

ಮಾರಣ್ಣ


ಮಧುಗಿರಿ
6 ಏಪ್ರಿಲ್ 1978

ಮಾರಣ್ಣನವರಿಗೆ,

ಮೇಟ್ ಆದದ್ದು ಕೇಳಿ ಸಂತೋಷವಾಯಿತು. ನಿಮ್ಮ ಹೊಸ ಸುರಂಗದ ಆರ್ಡರು ಬಂದಿದೆ. ಹನ್ನೆರಡು ಅಡಿ ಅಗಲ, ನಾನೂರ ಐವತ್ತು ಅಡಿ ಉದ್ದ ಎಂದಿದೆ. ಕಮಾನು ನೂರು ಕೇಳಿದ್ದಾರೆ. ಮೂರಡಿಗೊಂದರಂತೆ ನೂರ ಐವತ್ತು ಬೇಕು. ಉಳಿದ ಐವತ್ತಕ್ಕೆ ಹಳೆಯ ಸುರಂಗದಿಂದ ಬಿಚ್ಚಿ ತಂದವನ್ನು ಹಾಕುತ್ತೀರಿ ಎಂದುಕೊಂಡಿದ್ದೇನೆ. ಹಾಗೇ ತಾನೆ?

ಜಾಲಿ ತುಂಡು ಈ ಸಲ ಚೆನ್ನಾಗಿ ಒಣಗಿದ್ದು ಸಿಕ್ಕಿದೆ. ಸಂಜೀವಯ್ಯನವರಿಗೆ ತಿಳಿಸಿ.

ಕರೀಮುನ್ನೀಸಾ


ಬೊಗ್ಗುಲಕುಂಟ
25 ಏಪ್ರಿಲ್ 1978

ಕರೀಮುನ್ನೀಸಮ್ಮನವರಿಗೆ,

ಹೌದು. ಹಳೇವು ಇವೆ. ಅವನ್ನೇ ಹಾಕ್ತೀವಿ. ಯೋಚನೆ ಬೇಡ.

ಸಂಜೀವಯ್ಯ ಮುಂಗಾರು ಮುಗಿದ ಮೇಲೆ ಕೆಲಸ ಬಿಟ್ಟು ತಿರುಮಣಿಗೆ ಹೋಗ್ತಾನಂತೆ. ಅಲ್ಲಿ ಹೆಂಡತಿ ಈರಕ್ಕ ಒಬ್ಬಳೇ ಹೊಲ ನೋಡ್ಕೊಳ್ತಾಳೆ. ಇಪ್ಪತ್ತು ವರ್ಷ ಕತ್ತಲಲ್ಲಿ ಕಳೆದೆ, ಇನ್ನು ಬಿಸಿಲಲ್ಲಿ ಕೂರ್ತೀನಿ ಅಂತಾನೆ.

ಮಾರಣ್ಣ


ಬೊಗ್ಗುಲಕುಂಟ
19 ಜುಲೈ 1978

ಅಮ್ಮಾ,

ಸಂಜೀವಯ್ಯ ಹೋದ.

ಹನ್ನೊಂದನೇ ತಾರೀಕು ಮಂಗಳವಾರ, ಬೆಳಗಿನ ಪಾಳಿ. ನಾಲ್ಕು ದಿನದಿಂದ ಮೇಲೆ ಮಳೆ. ಸೂರಿಂದ ನೀರು ತೊಟ್ಟಿಕ್ತಾ ಇತ್ತು. ಹತ್ತು ಗಂಟೆ ಹೊತ್ತಿಗೆ ಡಬ್ಬಿ ಕಾಲು ಕೂಗಿದವು. ಒಂದಲ್ಲ, ನಾಲ್ಕೈದು ಒಟ್ಟಿಗೆ. ಎಲ್ಲರೂ ಓಡಿದ್ವಿ. ಸಂಜೀವಯ್ಯ ಎಲ್ಲರಿಗಿಂತ ಒಳಗಿದ್ದ, ಹಿಂದೆ ಓಡಿ ಬರ್ತಿದ್ದ. ಎರಡು ಕಮಾನಿನ ನಡುವೆ ಇದ್ದಾಗ ಮೇಲಿನ ಹಲಗೆಗಳು ಮುರಿದವು, ಬಾಗಿಲಷ್ಟು ದೊಡ್ಡ ಬಂಡೆ ಬಂತು. ಆಮೇಲೆ ಎರಡೂ ಕಡೆ ಕಮಾನಿನ ಕಾಲು ಮಡಿಸಿಕೊಂಡವು.

ಕೈಯಲ್ಲಿ, ಸನಿಕೆಯಲ್ಲಿ, ಸಿಕ್ಕಿದ್ದರಲ್ಲಿ ತೋಡಿದ್ವಿ. ಒಂದು ಗಂಟೆ ಆದ ಮೇಲೆ ತಲೆ ಮತ್ತು ಒಂದು ಕೈ ಸಿಕ್ಕಿತು. ಉಸಿರಾಡ್ತಿದ್ದ. ನಾನು ದೀಪ ಹಿಡಿದೆ. "ಬೆಳಕು ಆ ಕಡೆ ತೆಗಿಯಲಾ, ಕಣ್ಣಿಗೆ ಬೀಳ್ತೈತೆ" ಅಂದ. ಆರಿಸಿದೆ. ಕತ್ತಲಲ್ಲೇ ಅವನ ಕೈ ಹಿಡಕೊಂಡು ಕೂತೆ. ನೀರು ಕೇಳಿದ. ಕೊಟ್ಟೆ. ಆಮೇಲೆ ತೆಲುಗಲ್ಲಿ ಏನೋ ಹೇಳ್ತಾ ಹೋದ, ಈರಕ್ಕನಿಗೆ ಹೇಳ್ತಿರೋ ಹಾಗಿತ್ತು, ಹೊಲದ ಮಾತು. ಪೂರ್ತಿ ತೆಗೆಯೋದ್ರಲ್ಲಿ ಆಗಿಹೋಗಿತ್ತು.

ನಿಮಗೆ ಬರೀದೆ ಇರಕ್ಕಾಗಲಿಲ್ಲ.

ಮಾರಣ್ಣ


ಮಧುಗಿರಿ
5 ಆಗಸ್ಟ್ 1978

ಮಾರಣ್ಣನವರಿಗೆ,

ನಿಮ್ಮ ಪತ್ರ ಓದಿದ ದಿನದಿಂದ ಒಂದು ಗೆರೆಯನ್ನೂ ಎಳೆದಿಲ್ಲ. ಸಂಜೀವಯ್ಯನವರ ಮುಖ ನಾನು ನೋಡಿದವಳಲ್ಲ. ಅವರ ಮಾತು ಮಾತ್ರ ನನ್ನ ಹತ್ತಿರ ಇದೆ.

ಮೊನ್ನೆ ಕಂಪನಿಯಿಂದ ಕಾರ್ಖಾನೆಗೆ ಕಾಗದ ಬಂತು. ಮಧುಗಿರಿಯ ಉಕ್ಕು ದುರ್ಬಲ, ಡಬ್ಬಿ ಕಾಲಿನ ನಕ್ಷೆಯೇ ತಪ್ಪು, ಅದರಿಂದ ಸಾವಾಯಿತು ಎಂದು ಬರೆದಿದ್ದಾರೆ. ಸೆಪ್ಟೆಂಬರ್ ನಾಲ್ಕಕ್ಕೆ ಗಣಿ ಇನ್‌ಸ್ಪೆಕ್ಟರ ವಿಚಾರಣೆಯಂತೆ. ಅದು ಮುಗಿಯುವವರೆಗೆ ಆರ್ಡರು ನಿಲ್ಲಿಸಿದ್ದಾರೆ. ಕುಲುಮೆ ಆರಿದೆ. ಇಪ್ಪತ್ತೆರಡು ಜನ ಬೆಳಿಗ್ಗೆ ಬಂದು ಅಂಗಳದಲ್ಲಿ ಕೂತು ಸಂಜೆ ಹೋಗುತ್ತಾರೆ, ನನ್ನ ತಂದೆಯೂ ಅವರ ಜೊತೆ. ನಂದೀಶ್ವರಯ್ಯನವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಒಂದನ್ನೇ ಕೇಳುತ್ತೇನೆ. ಅಲ್ಲಿ ಕಮಾನಿನಿಂದ ಕಮಾನಿಗೆ ಎಷ್ಟು ದೂರವಿತ್ತು? ಒಂದು ಸಾಲು ಬರೆದರೂ ಸಾಕು.

ಕರೀಮುನ್ನೀಸಾ


ಬೊಗ್ಗುಲಕುಂಟ
22 ಆಗಸ್ಟ್ 1978

ಕರೀಮುನ್ನೀಸಮ್ಮನವರಿಗೆ,

ನಾಲ್ಕೂವರೆ ಅಡಿ.

ಹೊಸ ಸುರಂಗದಲ್ಲಿ ಮೊದಲಿಂದಲೂ ಅಷ್ಟೆ. ಹಳೇ ಕಮಾನು ಒಂದೂ ಹಾಕಲಿಲ್ಲ. ಮೇಲ್ವಿಚಾರಕ ಬಂದು, "ಡಬ್ಬಿ ಕಾಲು ಇಷ್ಟು ಚೆನ್ನಾಗಿದೆಯಲ್ಲ, ಇನ್ನು ಮೂರಡಿಗೆ ಒಂದು ಯಾಕೆ ದಂಡ? ದೂರ ದೂರ ನಿಲ್ಲಿಸು, ಬೇಗ ಮುಗಿಯುತ್ತೆ. ಬುಕ್ಕಲ್ಲಿ ಮಾತ್ರ ಮೂರು ಅಂತಲೇ ಬರಿ" ಅಂದ. ಸಂಜೀವಯ್ಯ ಬೇಡ ಅಂದ. ನನ್ನ ಮುಂದೇನೇ ಹೇಳಿದ, "ಮಾರ, ಇದು ಆಗಾಕಿಲ್ಲ" ಅಂತ. ನಾನು ಹೊಸದಾಗಿ ಮೇಟ್ ಆಗಿದ್ದೆ. ಸುಮ್ಮನಿರಣ್ಣ ಅಂದೆ. ಪ್ರತಿ ದಿನ ಬುಕ್ಕಲ್ಲಿ ಮೂರು ಅಂತ ಬರೆದು ರುಜು ಹಾಕಿದೆ. ನಿಮಗೂ ಸುಳ್ಳು ಬರೆದೆ. ಜುಲೈ ಕಾಗದದಲ್ಲೂ ಹೇಳಲಿಲ್ಲ, ನಕ್ಷೆ ತಪ್ಪು ಅಂತ ನೀವು ಅಂದುಕೊಂಡ್ರೆ ಅಂದುಕೊಳ್ಳಲಿ ಅಂತ ಒಳಗೆ ಒಂದು ಆಸೆ ಇತ್ತು. ಅದನ್ನೂ ಹೇಳಿಬಿಡ್ತೀನಿ.

ವಿಚಾರಣೇಲಿ ಉಕ್ಕು ಕೆಟ್ಟದು ಅಂತ ಹೇಳು, ಕೆಲಸ ಉಳಿಯುತ್ತೆ ಅಂತ ಹೇಳ್ತಾ ಇದ್ದಾರೆ. ಇಲ್ಲ ಅಂದ್ರೆ ಬುಕ್ಕಲ್ಲಿ ಇರೋದು ನಿನ್ನ ರುಜು ಅಂತ ನೆನಪು ಮಾಡ್ತಾರೆ. ಅಮ್ಮಾ, ಈ ಕಾಗದ ಇನ್‌ಸ್ಪೆಕ್ಟರಿಗೆ ಕಳಿಸಿ. ನಾನು ನಿಂತು ಹೇಳ್ತೀನಿ ಅಂತಲೇ ಇದ್ದೀನಿ. ಆದರೆ ಅಲ್ಲಿ ಬಾಯಿ ಕಟ್ಟಿಬಿಟ್ರೆ ಕಾಗದ ಆದ್ರೂ ಹೇಳಲಿ.

ಮಾರಣ್ಣ


ಬರಗೂರು
16 ಅಕ್ಟೋಬರ್ 1978

ಕರೀಮುನ್ನೀಸಮ್ಮನವರಿಗೆ,

ವಿಳಾಸ ನೋಡಿ ನಿಮಗೆ ಗೊತ್ತಾಗಿರುತ್ತೆ. ನನ್ನನ್ನ ಕೆಲಸದಿಂದ ತೆಗೆದರು. ಬಾಯಿ ಕಟ್ಟಲಿಲ್ಲ, ಎಲ್ಲ ಹೇಳಿದೆ. ನಿಮ್ಮ ಉಕ್ಕಿನಲ್ಲಿ ತಪ್ಪಿಲ್ಲ, ದೂರ ಹೆಚ್ಚಾಗಿದ್ದೇ ಕಾರಣ ಅಂತ ಇನ್‌ಸ್ಪೆಕ್ಟರು ಬರೆದರು. ಮೇಲ್ವಿಚಾರಕನನ್ನ ಒಂದು ತಿಂಗಳು ಮನೇಲಿ ಕೂರಿಸಿ ಬೇರೆ ಗಣಿಗೆ ಹಾಕಿದ್ದಾರೆ. ಇರಲಿ. ನನ್ನ ರುಜು ನನ್ನದೇ.

ಸಂಜೀವಯ್ಯನ ಪೆಟ್ಟಿಗೆ ನಾನೇ ತಿರುಮಣಿಗೆ ತಗೊಂಡು ಹೋದೆ. ಎರಡು ಪಂಚೆ, ಒಂದು ಕಂಬಳಿ, ಊಟದ ಡಬ್ಬಿ. ಈರಕ್ಕ ಕಡಲೆಕಾಯಿ ಬಿಡಿಸ್ತಾ ಕೂತಿದ್ದಳು. ಎಲ್ಲ ಹೇಳಿದೆ, ನಾಲ್ಕೂವರೆ ಅಡಿಯಿಂದ ಹಿಡಿದು. ಅವಳು ಕಾಯಿ ಬಿಡಿಸೋದು ನಿಲ್ಲಿಸಲಿಲ್ಲ. ಕೊನೆಗೆ ಕೇಳಿದಳು: "ಅಂಗಾರೆ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತಕ್ಕಾ."

"ನನ್ ಗಂಡಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತಿನ್ಯಾರ್ಗೆ ಗೊತ್ತಿತ್ತು?"

ಮೇಲ್ವಿಚಾರಕನಿಗೆ ಅಂದೆ. ಬೇರೆ ಯಾರಿಗೂ ಇಲ್ಲ ಅಂದೆ. ನಕ್ಷೆ ಮಾಡಿದ ಅಮ್ಮ ಕಾಗದ ಬರೆದು ಕೇಳಿದ್ರು, ನಾನೇ ಸುಳ್ಳು ಹೇಳಿ ನಂಬಿಸಿದೆ, ಗೊತ್ತಾಗಿದ್ರೆ ಅವರು ಸುಮ್ಮನಿರ್ತಿರಲಿಲ್ಲ ಅಂದೆ. ಈ ಇಡೀ ಕತೇಲಿ ನೆಟ್ಟಗೆ ನಿಂತಿದ್ದು ನೀವೊಬ್ಬರೇ. ಅದನ್ನ ನಿಮಗೆ ಹೇಳಬೇಕು ಅಂತಲೇ ಇಷ್ಟು ಬರೆದೆ.

ಮಾರಣ್ಣ


ಮಧುಗಿರಿ
30 ಅಕ್ಟೋಬರ್ 1978

ಮಾರಣ್ಣನವರಿಗೆ,

ನಾನು ನಂಬಿರಲಿಲ್ಲ.

ಹಳೆಯ ಸುರಂಗ ಹತ್ತಡಿ ಅಗಲದ್ದು. ಅದರ ಕಮಾನೂ ನಾನೇ ಹಾಕಿದ್ದು. ಹತ್ತಡಿಯ ಕಮಾನು ಹನ್ನೆರಡು ಅಡಿಯ ಸುರಂಗದಲ್ಲಿ ನಿಲ್ಲುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮ "ಹಳೇವು ಇವೆ" ಎಂಬ ಸಾಲು ಓದಿದ ಕ್ಷಣದಲ್ಲೇ ಅದು ಸುಳ್ಳೆಂದು ತಿಳಿಯಿತು. ಅದಕ್ಕೂ ಮೊದಲು, ಆರ್ಡರು ಬಂದ ದಿನವೇ, ನಾಲ್ಕೂವರೆ ಅಡಿಗೆ ಲೆಕ್ಕ ಹಾಕಿದ್ದೆ. ಒಣಗಿದ್ದರೆ ನಿಲ್ಲುತ್ತದೆ, ಮಳೆಗಾಲದ ನೀರು ಇಳಿದರೆ ಕಾಲು ಮಡಿಸಿಕೊಳ್ಳುತ್ತದೆ ಎಂದು ಆ ಹಾಳೆಯ ಕೆಳಗೆ ನನ್ನ ಕೈಯಲ್ಲೇ ಬರೆದಿದೆ. ತಾರೀಕು ಏಪ್ರಿಲ್ ಮೂರು. ನಿಮಗೆ ಪತ್ರ ಬರೆದದ್ದು ಆರು.

ಹಾಳೆಯನ್ನು ನಂದೀಶ್ವರಯ್ಯನವರಿಗೆ ತೋರಿಸಿದೆ. "ಅವರ ಸುರಂಗ, ಅವರ ಇಷ್ಟ. ಕೇಳಿದಷ್ಟು ಕೊಡೋದು ನಮ್ಮ ಕೆಲಸ. ನೀನು ಹೋಗಿ ಎದುರು ಮಾತಾಡಿದರೆ ಆರ್ಡರು ಬೇರೆ ಕಡೆ ಹೋಗುತ್ತೆ. ನಿನ್ನ ತಂದೆಗೆ ಈ ವಯಸ್ಸಿನಲ್ಲಿ ಯಾರಮ್ಮ ಕೆಲಸ ಕೊಡ್ತಾರೆ?" ಎಂದರು. ನಾನು ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ. ಆಮೇಲೆ ನಿಮಗೆ ಆ ಪ್ರಶ್ನೆ ಕೇಳಿದೆ. ಉತ್ತರವನ್ನೂ ನಾನೇ ಬರೆದುಕೊಟ್ಟು ಕೇಳಿದೆ, ನೀವು ಹೌದು ಎಂದರೆ ಸಾಕು ಎನ್ನುವ ಹಾಗೆ. ನೀವು ಹೌದು ಎಂದಿರಿ. ಆ ಒಂದು ಸಾಲನ್ನು ಹಿಡಿದುಕೊಂಡು ಮೂರು ತಿಂಗಳು ಸುಮ್ಮನಿದ್ದೆ. ನಾಲ್ಕು ಆಣೆ ಅಂಚೆಯಲ್ಲಿ ಇನ್‌ಸ್ಪೆಕ್ಟರಿಗೆ ತಿಳಿಸಬಹುದಿತ್ತು. ಆಗಸ್ಟಿನಲ್ಲಿ ಏನೂ ಗೊತ್ತಿಲ್ಲದವಳ ಹಾಗೆ "ಎಷ್ಟು ದೂರವಿತ್ತು" ಎಂದು ಕೇಳಿ, ನಿಮ್ಮ ಕೈಯಲ್ಲಿ ಬರೆಸಿಕೊಂಡೆ. ನಿಮ್ಮ ಕಾಗದ ಕಳಿಸಿದೆ. ನನ್ನ ಹಾಳೆ ಕಳಿಸಲಿಲ್ಲ.

ವಿಚಾರಣೆಯ ತೀರ್ಪು ಬಂದ ದಿನ ಕಾರ್ಖಾನೆಯಲ್ಲಿ ಸಿಹಿ ಹಂಚಿದರು. ನನ್ನ ಅಬ್ಬಾ ತಲೆಯ ಮೇಲೆ ಕೈಯಿಟ್ಟು, "ನಮ್ಮ ಕಬ್ಬಿಣಕ್ಕೆ ಕಳಂಕ ಬರಲಿಲ್ಲ ಬೇಟಿ" ಎಂದರು. ಅವರಿಗೂ ನಾನು ಹೇಳಿಲ್ಲ. ನಿಮ್ಮ ಕೆಲಸ ಹೋಯಿತು. ನನ್ನದು ಇದೆ.

ಈರಕ್ಕ ಕೇಳಿದ ಮೂರನೆಯ ಪ್ರಶ್ನೆಗೆ ನೀವು ಕೊಟ್ಟ ಉತ್ತರ ತಪ್ಪು. ಅದನ್ನು ಸರಿಪಡಿಸಬೇಕಾದವಳು ನಾನು. ಹೇಗೆಂದು ತಿಳಿಯುತ್ತಿಲ್ಲ.

ಕರೀಮುನ್ನೀಸಾ


ಬರಗೂರು
4 ಫೆಬ್ರವರಿ 1979

ಕರೀಮುನ್ನೀಸಾ ಅವರಿಗೆ,

ನಿಮ್ಮ ಕಾಗದ ದೀಪಾವಳಿ ಆದ ಮೇಲೆ ಬಂತು. ಮೂರು ತಿಂಗಳು ಉತ್ತರ ಬರೀಲಿಲ್ಲ. ಬರೀಬೇಕು ಅನ್ನಿಸಲಿಲ್ಲ. ಒಂದು ದಿನ ಒಲೆಗೆ ಹಾಕಕ್ಕೆ ಹೋದೆ, ಅವ್ವ ಕಿತ್ಕೊಂಡು ಇಟ್ಟಳು. ಅವಳಿಗೆ ಓದಕ್ಕೆ ಬರಲ್ಲ, ಕಾಗದ ಸುಡಬಾರದು ಅಂತ ಇಟ್ಟಳು ಅಷ್ಟೆ. ನಿಮ್ಮ ಮೇಲಿನ ಸಿಟ್ಟೋ, ನನ್ನ ಮೇಲಿನದೋ, ಬೇರೆ ಮಾಡಿ ನೋಡಕ್ಕೆ ಆಗಲಿಲ್ಲ. ನಾನು ಸುಳ್ಳು ಹೇಳೋವಾಗ ಆ ಕಡೆ ನೀವು ಅದನ್ನೇ ಕಾಯ್ತಾ ಕೂತಿದ್ರಿ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ರೂ ಅವನು ಈಗ ಬಿಸಿಲಲ್ಲಿ ಕೂತಿರ್ತಿದ್ದ.

ಈಗ ಕುರಿ ಕಾಯ್ತಾ ಇದ್ದೀನಿ. ತಿಂಗಳಿಗೊಂದು ಸಲ ತಿರುಮಣಿಗೆ ಹೋಗಿ ಈರಕ್ಕನ ಹೊಲದ ಕೆಲಸ ಏನಿದ್ದರೂ ಮಾಡಿಕೊಟ್ಟು ಬರ್ತೀನಿ. ಅವಳು ನನ್ನನ್ನ ಕ್ಷಮಿಸಿಲ್ಲ. ಜಗುಲಿ ಮೇಲೆ ಮುದ್ದೆ ಇಡ್ತಾಳೆ, ಮಾತಾಡಲ್ಲ. ಮೊನ್ನೆ ಹೋದಾಗ ನಿಮ್ಮ ಕಾಗದ ತಗೊಂಡು ಹೋಗಿದ್ದೆ. ಮೊದಲಿಂದ ಕೊನೇವರೆಗೂ ಓದಿದೆ. ಪೂರ್ತಿ ಕೇಳಿಸ್ಕೊಂಡಳು. ಆಮೇಲೆ ಅಂದಳು:

"ಕಾಗ್ದದಾಗೆ ಬೇಡ. ಅವ್ಳೇ ಬಂದು ಇಲ್ಲಿ ಕೂತ್ಕಂಡು ಹೇಳ್ಲಿ. ಆ ಸುರಂಗದ ಚಿತ್ರಾನೂ ತರಾಕೇಳು. ನನ್ ಗಂಡ ಎಲ್ಲಿದ್ದ ಅಂತ ಬೆರಳಿಟ್ಟು ತೋರಿಸ್ಲಿ. ನಾನು ನೋಡ್ಬೇಕು."

ಹದಿನೆಂಟನೇ ತಾರೀಕು ಭಾನುವಾರ ನಾನು ಪಾವಗಡ ಬಸ್ ಸ್ಟಾಂಡಿನಲ್ಲಿ ಇರ್ತೀನಿ. ಅವತ್ತು ಬರದಿದ್ದರೆ ಇಪ್ಪತ್ತೈದಕ್ಕೂ ಇರ್ತೀನಿ. ಅಲ್ಲಿಂದ ತಿರುಮಣಿಗೆ ಬಸ್ಸಿದೆ.

ಮಾರಣ್ಣ